ಐನೂರು ಟನ್ ಸತ್ತ ಬಿದಿರು

ಐನೂರು ಟನ್ ಬಿದಿರು, ಟನ್ನಿಗೆ ಅರವತ್ತು ರೂಪಾಯಿ, ಒಟ್ಟು ಮೂವತ್ತು ಸಾವಿರ. ಕಾಗದದ ಗಿರಣಿ ಕೊಂಡರೆ ಇಷ್ಟು. ಕೊಳ್ಳದಿದ್ದರೆ ಅದೇ ಬಿದಿರು ಬರೀ ಸೌದೆ, ಸೌದೆಗೂ ಬಿದಿರನ್ನು ಯಾರೂ ಪ್ರೀತಿಯಿಂದ ಒಯ್ಯುವುದಿಲ್ಲ, ಒಲೆಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿದ್ದ ಕಾಲ. ವಿರಾಜಪೇಟೆಯಲ್ಲಿ ನನ್ನದು ಮೆಣಸು, ಏಲಕ್ಕಿ, ಕಿತ್ತಳೆಯ ವ್ಯಾಪಾರ. ಬಿದಿರಿಗೆ ಕೈ ಹಾಕಿದ್ದು ಅದೇ ಮೊದಲು, ವಿಜ್ಞಾನಕ್ಕೆ ಕೈ ಹಾಕಿದ್ದೂ ಅದೇ ಮೊದಲು. ಓದಿದವರ ಜೊತೆ ವ್ಯವಹಾರಕ್ಕೆ ಇಳಿದವನಿಗೆ ನಗುವಂಥ ಪ್ರಸಂಗಗಳಿಗೆ ಕೊರತೆಯಿಲ್ಲ. ತೊಂದರೆ ಒಂದೇ, ಆಗುವಾಗ ನಗು ಬರುವುದಿಲ್ಲ, ದುಡ್ಡು ಕೈಗೆ ಬಂದ ಮೇಲೆ ಬರುತ್ತದೆ.

೧. ಹೂ ಬಿಟ್ಟದ್ದು

ತಿತಿಮತಿ ಕಡೆಯ ಒಂದು ಕಾಫಿ ತೋಟದ ಅಂಚಿನಲ್ಲಿ ದೊಡ್ಡ ದೊಡ್ಡ ಬಿದಿರು ಮೆಳೆಗಳಿದ್ದವು. ಒಂದು ವರ್ಷ ಅಷ್ಟೂ ಒಟ್ಟಿಗೆ ಹೂ ಬಿಟ್ಟವು. ಹೂ ಬಿಟ್ಟ ಬಿದಿರು ಅಕ್ಕಿ ಉದುರಿಸಿ ಸಾಯುತ್ತದೆ, ಅದಕ್ಕೆ ಬೇರೆ ಅಭ್ಯಾಸವಿಲ್ಲ. ಸುತ್ತಲಿನವರು ಬಿದಿರಕ್ಕಿ ಗುಡಿಸಿಕೊಂಡು ಹೋದರು. ಒಣಗಿದ ಗಳಗಳು, ಅಂದರೆ ಬೊಂಬುಗಳು, ಹಾಗೇ ನಿಂತವು. ತೋಟದ ಯಜಮಾನರು ಒಳ್ಳೆಯ ಮನೆತನದ ಕೊಡವರು. ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕೂತರು.

"ಸಾಹುಕಾರ್ರೆ, ಬಿದಿರು ಬೇಕಾ?"

"ಸತ್ತದ್ದಲ್ವಾ ಯಜಮಾನ್ರೆ?"

"ಸತ್ತದ್ದು ಅಂತಲೇ ನಿಮಗೆ ಹೇಳ್ತಾ ಇರೋದು. ಬದುಕಿದ್ದರೆ ಗಿರಣಿಯವರಿಗೇ ಹೇಳ್ತಿದ್ದೆ."

ಒಂಬತ್ತು ಸಾವಿರಕ್ಕೆ ಮುಗಿಯಿತು. ಅವರು ನೋಟು ಎಣಿಸಿಕೊಂಡು ನೇರ ತೋಟದವರ ಕ್ಲಬ್ಬಿಗೆ ಹೋಗಿ, ಸಾಹುಕಾರರಿಗೆ ಹೆಣ ಮಾರಿದೆ ಎಂದು ಹೇಳಿದರಂತೆ. ಆ ವಾರ ಕ್ಲಬ್ಬಿನಲ್ಲಿ ಕಾಫಿ ದರದ ಮಾತೇ ನಿಂತುಹೋಯಿತು ಎಂದು ಕೇಳಿದೆ. ಅಷ್ಟು ಜನರಿಗೆ ಸಂತೋಷ ಕೊಟ್ಟ ವ್ಯಾಪಾರ ನಾನು ಇನ್ನೊಂದು ಮಾಡಿಲ್ಲ.

ನಾನು ಗಿರಣಿಯ ಖರೀದಿ ಅಧಿಕಾರಿಯ ಹತ್ತಿರ ಹೋದೆ. ಅವರು ತಲೆ ಆಡಿಸಿದರು.

"ಸತ್ತ ಬಿದಿರಿನ ನಾರು ಕೆಟ್ಟಿರುತ್ತೆ ಅಂತ ನಮ್ಮಲ್ಲಿ ನಂಬಿಕೆ."

"ಕೆಟ್ಟದ್ದು ನೋಡಿದ್ದೀರಾ ಸ್ವಾಮಿ?"

"ನಂಬಿಕೆ ಅಂದೆನಲ್ಲ."

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಬೆಂಗಳೂರಿನ ಒಂದು ಪ್ರಯೋಗಶಾಲೆಗೆ ಹೊಸ ಯಂತ್ರ ಬಂದಿದೆ, ನಾರಿನ ಒಳಗೆ ಏನಾಗಿದೆ ಎಂದು ಅದು ಹೇಳುತ್ತದೆ. ಅಲ್ಲಿಯ ವಿಜ್ಞಾನಿ ಒಬ್ಬರು 'ಬದಲಾವಣೆ ಆಗಿಲ್ಲ' ಎಂದು ಬರೆದುಕೊಟ್ಟರೆ ಐನೂರು ಟನ್ನೂ ತೆಗೆದುಕೊಳ್ಳುತ್ತೇವೆ. 'ಆಗಿದೆ' ಎಂದರೆ ಒಂದು ಗಳವೂ ಬೇಡ.

ಹೀಗೆ ನನ್ನ ಒಂಬತ್ತು ಸಾವಿರ ರೂಪಾಯಿ, ನಾನು ಕಣ್ಣಲ್ಲಿ ಕಾಣದ ಒಂದು ಯಂತ್ರದ ಬಾಯಿಗೆ ಹೋಗಿ ಕೂತಿತು.

೨. ನೀರಿನ ಗಿರಾಕಿ

ಬೆಂಗಳೂರಿನ ಆ ವಿಜ್ಞಾನಿಯಿಂದ ಮೊದಲ ಕಾಗದ ಬಂತು. ಸತ್ತದ್ದರ ಜೊತೆ ಹೋಲಿಸಿ ನೋಡಲು ಹಸಿ ಬಿದಿರಿನ ಹತ್ತು ತುಂಡು ಬೇಕು, ಈಗ ತಾನೇ ಕಡಿದದ್ದು, ತೇವ ಆರದಂತೆ ಕಟ್ಟಿ ಕಳಿಸಿ, ಎಂದಿತ್ತು.

ನಾನು ಇಪ್ಪತ್ತೆರಡು ವರ್ಷದಿಂದ ಮೆಣಸು ಕೊಳ್ಳುವವನು. ಕೈಗೆ ಒಂದು ಹಿಡಿ ತೆಗೆದುಕೊಂಡು, ಕುಲುಕಿ, "ತೇವ ಇದೆ" ಎಂದು ಮುಖ ಸಣ್ಣ ಮಾಡುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ತೇವದ ಸರಕು ಬೇಕು ಎಂದು ಯಾವನಾದರೂ ಕೇಳಿದ್ದನ್ನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬರೆಯುವಾಗ ಏನೋ ತಪ್ಪಿರಬೇಕು, ಪಾಪ, ದೊಡ್ಡ ಓದಿನವರು ಎಂದುಕೊಂಡೆ. ಈ ಬಿದಿರಿನ ಕೆಲಸಕ್ಕೆ ಹಾಕಿದ್ದ ನನ್ನ ಮೇಸ್ತ್ರಿಗೆ ಹೇಳಿ ಹತ್ತು ಹಸಿ ತುಂಡು ಕಡಿಸಿ, ಅಷ್ಟನ್ನೂ ಕಾಫಿ ಕಣದಲ್ಲಿ ನಾಲ್ಕು ದಿನ ಚೆನ್ನಾಗಿ ಒಣಗಿಸಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದೆ. ಬೆಂಗಳೂರಿನವರು ಒಳ್ಳೆಯ ಸರಕು ಎಂದು ಮೆಚ್ಚಲಿ ಎಂದು.

ಎರಡು ವಾರಕ್ಕೆ ತುಂಡುಗಳು ವಾಪಸ್ಸು ಬಂದವು. ಜೊತೆಗೆ ಕಾಗದ: "ಇದರಲ್ಲಿ ನೀರೇ ಇಲ್ಲ. ನಮಗೆ ಅದರ ನೀರಿನ ಸಮೇತ ಬೇಕು."

ನೀರಿನ ಸಮೇತ ಬೇಕು ಎನ್ನುವ ಗಿರಾಕಿ ಸಿಕ್ಕರೆ ವ್ಯಾಪಾರಿಯಾದವನು ಏನು ಮಾಡುತ್ತಾನೆ? ಮೇಸ್ತ್ರಿಯನ್ನು ಕರೆದೆ. ಅವನು ತಲಶ್ಶೇರಿ ಕಡೆಯವನು, ನನ್ನ ಹತ್ತಿರ ಹದಿನೈದು ವರ್ಷದಿಂದ ಇದ್ದವನು, ಧಣಿ ಎನ್ನುವುದಕ್ಕೆ ತನ್ನ ಮಾತಿನಲ್ಲಿ ಮೊದಲಾಳಿ ಎನ್ನುವವನು.

"ಹೊಸದು ಕಡಿಯೋದಾ ಮೊದಲಾಳಿ?"

"ಇದಕ್ಕೆ ಏನಾಗಿದೆ? ತೊಟ್ಟಿಗೆ ಹಾಕು. ಎರಡು ದಿನ ಕುಡೀಲಿ."

ಅದೇ ತುಂಡುಗಳು ಎರಡು ದಿನ ತೊಟ್ಟಿಯಲ್ಲಿ ಬಿದ್ದು, ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು, ಮತ್ತೆ ಅದೇ ಬಸ್ಸು ಹತ್ತಿದವು. ಈ ಸಲ ಉತ್ತರ ಹತ್ತೇ ದಿನಕ್ಕೆ ಬಂತು.

"ಸಾಹುಕಾರ್ರಿಗೆ ನಮಸ್ಕಾರ. ನೀವು ಒಣಗಿಸಿದ್ದನ್ನೇ ನೆನೆಸಿ ಕಳಿಸಿದ್ದೀರಿ. ಬಿದಿರಿನ ನಾರು ಒಮ್ಮೆ ಒಣಗಿತೆಂದರೆ ಅದರ ಎಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಎಷ್ಟು ನೀರು ಕುಡಿಸಿದರೂ ಮೊದಲಿನಂತೆ ಆಗುವುದಿಲ್ಲ. ಇದು ಯಂತ್ರಕ್ಕೆ ಗೊತ್ತಾಗುತ್ತದೆ."

ನಾನು ಕಾಗದವನ್ನು ಎರಡು ಸಲ ಓದಿದೆ. ಒಣಗಿದ ಸರಕಿಗೆ ಸ್ವಲ್ಪ ನೀರು ಚಿಮುಕಿಸಿದ್ದನ್ನು ಮಂಗಳೂರಿನ ಸಗಟು ವ್ಯಾಪಾರಿಗಳು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕಂಡುಹಿಡಿದಿರಲಿಲ್ಲ. ಈ ಯಂತ್ರ ಹತ್ತು ದಿನದಲ್ಲಿ ಕಂಡುಹಿಡಿಯಿತು. ದೇಶಕ್ಕೆ ವಿಜ್ಞಾನ ಬೇಕು, ನಾನೂ ಒಪ್ಪುತ್ತೇನೆ. ಆದರೆ ಆ ಯಂತ್ರ ಬೆಂಗಳೂರಿನಲ್ಲೇ ಇರಲಿ, ಘಟ್ಟ ಇಳಿದು ಮಂಗಳೂರಿಗೆ ಹೋಗುವುದು ಬೇಡ ಎಂದು ಆ ದಿನ ಮನಸಾರೆ ಹಾರೈಸಿದೆ.

೩. ನಶ್ಯದ ಡಬ್ಬಿ

ನನ್ನ ಮೇಲೆ ಅಷ್ಟು ವಿಶ್ವಾಸ ಹುಟ್ಟಿದ ಮೇಲೆ ವಿಜ್ಞಾನಿಗಳು ತಾವೇ ಬಂದರು. ಬಂದದ್ದು ಒಬ್ಬರೇ, ಸಣ್ಣ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಊಟ ಮಾಡಿಸಿ, ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಕೇಳಿದೆ.

"ಅಲ್ಲ ಡಾಕ್ಟ್ರೆ, ಅದು ಒಳಗಿಂದ ನೋಡೋದು ಹೇಗೆ? ಕಣ್ಣಿದೆಯಾ ಅದಕ್ಕೆ?"

"ಕಣ್ಣಲ್ಲ ಸಾಹುಕಾರ್ರೆ, ಕಿವಿ ಅನ್ನಿ. ಎರಡು ಕಡೆ ದೊಡ್ಡ ಅಯಸ್ಕಾಂತ, ನಡುವೆ ಬಿದಿರಿನ ಪುಡಿ. ರೇಡಿಯೋ ಅಲೆ ಹಾಯಿಸ್ತೀವಿ. ಒಳಗಿರೋ ಜಲಜನಕದ ಪರಮಾಣುಗಳು ಉತ್ತರ ಕೊಡ್ತವೆ. ಬಿಗಿಯಾಗಿ ಕೂತವು ಗುಡ್ಡದ ಹಾಗೆ ಅಗಲವಾದ ಗೆರೆ ಎಳೀತವೆ. ಸಡಿಲವಾಗಿ ಓಡಾಡೋವು ಸೂಜಿ ಹಾಗೆ."

"ಅದರಿಂದ ನನ್ನ ಬಿದಿರಿಗೆ ಏನು?"

"ನಾರಿನಲ್ಲಿ ಸೆಲ್ಯುಲೋಸ್ ಎಳೆಗಳು ಕೆಲವು ಕಡೆ ಕವಾಯತಿಗೆ ನಿಂತ ಹಾಗೆ ಸಾಲಾಗಿ ನಿಂತಿರ್ತವೆ. ಅದು ಸ್ಫಟಿಕ. ಗಟ್ಟಿ ಕಾಗದ ಬೇಕಾದರೆ ಆ ಸಾಲು ಕೆಟ್ಟಿರಬಾರದು. ಬಿದಿರು ಸತ್ತಾಗ ಸಾಲು ಚೆದುರುತ್ತಾ ಅನ್ನೋದೇ ಪ್ರಶ್ನೆ."

ದಳಪತಿ ಸತ್ತ ಮೇಲೂ ಕವಾಯತು ನಡೆಯಬೇಕು, ಇಷ್ಟು ಅರ್ಥವಾಯಿತು.

ಮೇಸ್ತ್ರಿ ತನ್ನ ಬುದ್ಧಿ ಓಡಿಸಿ ಬಹಳ ಸಿದ್ಧತೆ ಮಾಡಿದ್ದ. ಒಳ್ಳೆಯ ನೇರವಾದ ಗಳಗಳನ್ನು ಆರಿಸಿ, ಒರೆಸಿ, ಎಣ್ಣೆ ಕೈಯಲ್ಲಿ ಸವರಿ, ಮೂರು ಟನ್ನಿನಷ್ಟು ಲಾರಿಗೆ ತುಂಬಿಸಿ, ಮುಂದೆ ನಿಂತು ಕೈ ಮುಗಿದ. ವಿಜ್ಞಾನಿಗಳು ಲಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಮೆಳೆಗಳಿಗೆಲ್ಲ ಸುಣ್ಣದಲ್ಲಿ ನಂಬರು ಹಾಕಿಸಿದರು, ನಂಬರು ಬರೆದ ಚೀಟಿಗಳನ್ನು ಮಡಚಿ ಟೋಪಿಗೆ ಹಾಕಿದರು, ಮೇಸ್ತ್ರಿಗೆ ನಾಲ್ಕು ಎತ್ತಲು ಹೇಳಿದರು.

ಚೀಟಿ ವ್ಯವಹಾರ ನನಗೆ ಹೊಸದಲ್ಲ. ಎತ್ತುವವನು ನಮ್ಮವನಾದರೆ ಏನು ಬರಬೇಕೋ ಅದೇ ಬರುತ್ತದೆ. ನಾನು ಮೇಸ್ತ್ರಿಗೆ ಕಣ್ಸನ್ನೆ ಮಾಡಿದೆ. ಅವನು ನನ್ನ ಕಣ್ಣನ್ನೇ ನೋಡುತ್ತಾ, ಬಹಳ ಭಕ್ತಿಯಿಂದ, ಹಳ್ಳದ ಪಕ್ಕದ ನಾಲ್ಕು ಹಾಳು ಮೆಳೆಗಳ ಚೀಟಿಗಳನ್ನೇ ಎತ್ತಿದ.

ಆ ಮೆಳೆಗಳಿಂದ ವಿಜ್ಞಾನಿಗಳು ಒಂದೊಂದು ಚಕ್ಕೆ ಕೆತ್ತಿಸಿ, ಚೀಲದಿಂದ ನಶ್ಯದ ಡಬ್ಬಿಯಂಥ ನಾಲ್ಕು ಡಬ್ಬಿ ತೆಗೆದು ತುಂಬಿಕೊಂಡರು. ಡಬ್ಬಿಗೆ ಎರಡು ಚಿಟಿಕೆ. ಹೋಲಿಕೆಗೆ ಬೇಕಾದ ಹಸಿಯದನ್ನು ದಾರಿಯಲ್ಲೇ ತಮ್ಮ ಕೈಯಾರೆ ಕಡಿದುಕೊಂಡಿದ್ದರು. ಮುಗಿಯಿತು ಎಂದರು.

"ಬಾಕಿ ಲಾರಿಯಲ್ಲಿ ಕಳಿಸೋದಾ ಸಾರ್?" ಎಂದ ಮೇಸ್ತ್ರಿ.

"ಬಾಕಿ ಬೇಡಪ್ಪ. ಇದೇ ಹೆಚ್ಚಾಯ್ತು."

ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಮೊದಲಾಳಿ, ಇಷ್ಟು ಓದಿದವರಿಗೆ ಇಷ್ಟೇ ಕೊಂಡುಹೋಗುವ ಯೋಗ್ಯತೆಯಾ? ಸಂಬಳ ಸರಿಯಾಗಿ ಕೊಡೋದಿಲ್ವಾ ಅಲ್ಲಿ?"

೪. ಹಳೆಯ ತುಂಡು

ಆ ನಾಲ್ಕು ಡಬ್ಬಿಯ ಉತ್ತರ ಒಳ್ಳೆಯದೇ ಬಂತು. ಹಾಳು ಮೆಳೆಯಲ್ಲೂ ಕವಾಯತು ಕೆಟ್ಟಿರಲಿಲ್ಲ. ಆದರೆ ಗಿರಣಿಯ ಅಧಿಕಾರಿಗೆ ಇನ್ನೊಂದು ಅನುಮಾನ ಬಂತು. ಈ ಬಿದಿರು ನಮ್ಮ ಅಂಗಳದಲ್ಲಿ ಎರಡು ಮಳೆಗಾಲ ಬಿದ್ದಿರುತ್ತೆ, ಸತ್ತು ಬಹಳ ವರ್ಷ ಆದದ್ದನ್ನೂ ಒಂದು ನೋಡಿ, ಎಂದರಂತೆ. ಹಾಗಾಗಿ ವಿಜ್ಞಾನಿಗಳು ಬರೆದರು: ಆದಷ್ಟು ಹಳೆಯ, ಆದಷ್ಟು ಒಣಗಿದ ಬಿದಿರಿನ ಒಂದು ತುಂಡು ಕಳಿಸಿ. ಇದೇ ಕೊನೆಯದು.

ಮೇಸ್ತ್ರಿಗೆ ಹೇಳಿದೆ. ಮಾರನೆಯ ದಿನವೇ ತಂದ. ಕೆಂಪಗೆ, ಹೊಳೆಯುತ್ತಾ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿತ್ತು. ಅಂಥ ಬಿದಿರು ನಾನು ನೋಡಿರಲಿಲ್ಲ. ನೋಡಿರಲಿಲ್ಲ ಎನ್ನುವಾಗಲೇ ಕೇಳಬೇಕಿತ್ತು. ಕೇಳಲಿಲ್ಲ. ಬಸ್ಸಿಗೆ ಹಾಕಿಸಿದೆ.

ಹದಿನೈದು ದಿನಕ್ಕೆ ಬೆಂಗಳೂರಿನಿಂದ ಅಂಗಡಿಯ ಫೋನಿಗೆ ಟ್ರಂಕ್ ಕಾಲ್ ಬಂತು. ವಿಜ್ಞಾನಿಗಳ ದನಿಯಲ್ಲಿ ಮದುವೆಮನೆಯ ಸಂಭ್ರಮ.

"ಸಾಹುಕಾರ್ರೆ, ಆ ಕೊನೇ ತುಂಡು ಎಲ್ಲಿಯದು? ಅದರಲ್ಲಿ ಏನೋ ವಿಚಿತ್ರ ಆಗಿದೆ. ಎಷ್ಟು ಒಣಗಿಸಿದರೂ ಸೂಜಿ ಗೆರೆ ಹೋಗ್ತಾ ಇಲ್ಲ. ಅಂದರೆ ವರ್ಷ ಕಳೆದ ಹಾಗೆ ಸ್ಫಟಿಕದ ಸಾಲೇ ಸಡಿಲ ಆಗ್ತಾ ಬಂದಿದೆ. ಇದನ್ನ ಇದುವರೆಗೆ ಯಾರೂ ಬರೆದಿಲ್ಲ. ನಾನು ಬರೀತಾ ಇದ್ದೀನಿ."

"ಗಿರಣಿಗೂ ಬರೀತೀರಾ?"

"ಬರೀಲೇಬೇಕಲ್ಲ. ಬದಲಾವಣೆ ಆಗಿದೆ ಅಂತ."

ನನ್ನ ಒಂಬತ್ತು ಸಾವಿರ ನೀರಿಗೆ ಬಿದ್ದ ಸದ್ದು ಕಿವಿಗೆ ಕೇಳಿಸಿತು. ಒಂದು ವಾರ ತಡೆಯಿರಿ ಡಾಕ್ಟ್ರೆ ಎಂದು ಬೇಡಿಕೊಂಡು, ಫೋನು ಇಟ್ಟು, ಮೇಸ್ತ್ರಿಯನ್ನು ಕರೆಸಿದೆ.

"ಆ ತುಂಡು ಯಾವ ಮೆಳೆಯದು?"

"ಮೆಳೆಯದಲ್ಲ ಮೊದಲಾಳಿ. ನೀವು ಹಳೇದು ಹೇಳಿದ್ರಲ್ಲ, ನಮ್ಮ ಮನೆಯಿಂದ."

"ಮನೆಯಲ್ಲಿ ಎಲ್ಲಿತ್ತು?"

"ಅಟ್ಟದಲ್ಲಿ."

"ಅಟ್ಟದಲ್ಲಿ ಸುಮ್ಮನೆ ಬಿದ್ದಿತ್ತಾ?"

"ಬಿದ್ದಿರಲಿಲ್ಲ. ತೂಗುಹಾಕಿತ್ತು."

"ಯಾಕೆ ತೂಗುಹಾಕಿತ್ತು?"

ಮೇಸ್ತ್ರಿ ಮೇಲೆ ನೋಡಿದ, ಕೆಳಗೆ ನೋಡಿದ.

"ಅದರಲ್ಲಿ ಈಗ ಏನೂ ಇಲ್ಲ ಮೊದಲಾಳಿ."

"ಮೊದಲು?"

"ಸ್ವಲ್ಪ ಜೇನು."

ನಮ್ಮ ಕಡೆ ಕಾಡಿನಿಂದ ಜೇನು ತರುವವರು ಬಿದಿರಿನ ಅಂಡೆಯಲ್ಲಿ, ಅಂದರೆ ಗೆಣ್ಣು ಬಿಟ್ಟು ಕಡಿದ ಟೊಳ್ಳು ಕೊಳವೆಯಲ್ಲಿ, ತುಂಬಿ ತರುತ್ತಾರೆ. ಅದನ್ನು ಹಾಗೇ ಅಟ್ಟದಲ್ಲಿ ತೂಗುಹಾಕುವುದು ಮನೆಮನೆಯಲ್ಲೂ ಇದೆ. ಮೇಸ್ತ್ರಿ ಒಂಬತ್ತು ವರ್ಷ ಜೇನು ಕುಡಿದ ಅಂಡೆಯನ್ನು ಸೀಗೆಪುಡಿ ಹಾಕಿ ಉಜ್ಜಿ, ಸೀಳಿ, ಸ್ಫಟಿಕದ ಪರೀಕ್ಷೆಗೆ ಕಳಿಸಿದ್ದ. ಬೈಯಲು ಬಾಯಿ ತೆರೆದೆ. ಅವನು ಹೇಳಿದ: "ಒಳ್ಳೇದು ಕೊಡಬೇಕಲ್ಲ ಮೊದಲಾಳಿ. ಅದಕ್ಕಿಂತ ಒಳ್ಳೇ ಬಿದಿರು ನಮ್ಮ ಮನೇಲಿ ಇಲ್ಲ. ನನ್ನ ಹೆಂಡತಿ ಇನ್ನೂ ಮಾತಾಡ್ತಾ ಇಲ್ಲ."

ಈ ಸಲ ಟ್ರಂಕ್ ಕಾಲ್ ನಾನೇ ಬುಕ್ ಮಾಡಿದೆ. ಮೂರು ನಿಮಿಷಕ್ಕೊಮ್ಮೆ ಎಕ್ಸ್‌ಚೇಂಜಿನವರು ನಡುವೆ ಬರುತ್ತಿದ್ದ ಕಾಲ. ಸುತ್ತಿ ಬಳಸದೆ ಹೇಳಿದೆ.

"ಡಾಕ್ಟ್ರೆ, ನಿಮ್ಮ ಸೂಜಿ ಗೆರೆ ಸಿಕ್ಕಿತು. ಅದು ಜೇನು."

"ಏನು?"

"ಜೇನುತುಪ್ಪ. ಅದು ಜೇನಿನ ಅಂಡೆ. ಒಂಬತ್ತು ವರ್ಷದ್ದು, ಒಣಗಿಸಿದರೆ ಹೋಗೋದಲ್ಲ."

ಆ ಕಡೆಯಿಂದ ಮಾತೇ ಇಲ್ಲ. ಲೈನು ಕಡಿಯಿತೋ ಎಂದು ನೋಡಿದರೆ ಉಸಿರು ಕೇಳಿಸುತ್ತಿದೆ. ಒಬ್ಬ ಮನುಷ್ಯ ತನ್ನ ಕೈಯಲ್ಲಿದ್ದ ಶೋಧವೊಂದನ್ನು ಕಳೆದುಕೊಂಡಾಗ ಮಾತಾಡಲು ಎಷ್ಟು ಹೊತ್ತು ಬೇಕೆಂದು ಆ ದಿನ ನನಗೆ ತಿಳಿಯಿತು. ಎಕ್ಸ್‌ಚೇಂಜಿನ ಹೆಣ್ಣುಮಗಳು ಬಂದು, "ಮೂರು ನಿಮಿಷ ಆಯಿತು, ಮುಂದುವರಿಸಲಾ?" ಎಂದಳು.

ಅವರು ಸುಮ್ಮನಿದ್ದದ್ದಕ್ಕೆ ನಾನು ಎರಡು ಟ್ರಂಕ್ ಕಾಲ್‌ನ ದುಡ್ಡು ಕೊಟ್ಟೆ.

೫. ಕೊನೆಯ ವಾರಸುದಾರ

ಇನ್ನು ಯಾರನ್ನೂ ನಂಬುವ ಹಾಗಿರಲಿಲ್ಲ. ನನ್ನ ಗೋದಾಮಿನ ಬಿದಿರಿನ ಏಣಿಗೆ ಹನ್ನೊಂದು ವರ್ಷವಾಗಿತ್ತು. ಅದರ ಒಂದು ಕಾಲನ್ನು ಕುಯ್ಯಿಸಿ, ಮಡಿಲಲ್ಲಿ ಇಟ್ಟುಕೊಂಡು ನಾನೇ ಬಸ್ಸು ಹತ್ತಿದೆ. ಪ್ರಯೋಗಶಾಲೆಯಲ್ಲಿ, ಅಯಸ್ಕಾಂತ ಎಳೆಯುತ್ತದೆಂದು, ಕೈಗಡಿಯಾರ ಬಿಚ್ಚಿಸಿದರು, ಬೀಗದ ಕೈ ಗೊಂಚಲು ತೆಗೆಸಿದರು. ವಿಜ್ಞಾನಿಗಳು ತುಂಡನ್ನು ಮೂಸಿ ನೋಡಿದರು. ಆ ಮಟ್ಟಿಗೆ ಅವರೂ ನಮ್ಮ ದಾರಿಗೆ ಬಂದಿದ್ದರು.

"ಇದರಲ್ಲಿ ಏನು ಇಟ್ಟಿದ್ದಿರಿ ಸಾಹುಕಾರ್ರೆ?"

"ಬರೀ ನನ್ನ ಕಾಲು. ಏಣಿಯ ತುಂಡು ಇದು."

ನಾಲ್ಕು ದಿನ ಛತ್ರದಲ್ಲಿ ಕಾದೆ. ಒಣಗಿಸಿ, ಪುಡಿ ಮಾಡಿ, ಅಯಸ್ಕಾಂತದ ನಡುವೆ ಇಟ್ಟು, ಯಂತ್ರದ ಲೇಖನಿ ಗೀಚಿದ ಕಾಗದವನ್ನು ಹಸಿ ಬಿದಿರಿನ ಕಾಗದದ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗುಡ್ಡದ ಮೇಲೆ ಗುಡ್ಡ ಸರಿಯಾಗಿ ಕೂತಿತ್ತು. ಸೂಜಿ ಇರಲಿಲ್ಲ. ವಿಜ್ಞಾನಿಗಳು ಸ್ವಲ್ಪ ಬೇಸರದಿಂದಲೇ, "ಏನೂ ಆಗಿಲ್ಲ ಸಾಹುಕಾರ್ರೆ" ಎಂದರು. ಅಷ್ಟು ಸಿಹಿಯಾದ ಮಾತನ್ನು ಅಷ್ಟು ಸಪ್ಪೆ ಮುಖದಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

ವರದಿ ಹನ್ನೊಂದು ಪುಟ. ಗಿರಣಿಯ ಅಧಿಕಾರಿ ಹತ್ತು ಪುಟ ಮಗುಚಿ ಕೊನೆಯ ಸಾಲು ಓದಿದರು.

"'ಗಮನಾರ್ಹ ಬದಲಾವಣೆ ಇಲ್ಲ.' ಏನೂ ಆಗಿಲ್ಲ ಅಂತ ಹೇಳೋಕೆ ಏಳು ತಿಂಗಳೇನ್ರೀ?"

"ಏನಾದರೂ ಆಗಿದ್ದರೆ ಎರಡು ವರ್ಷ ಹಿಡೀತಿತ್ತು ಸ್ವಾಮಿ."

ಲಾರಿಗಳು ಬರಲು ಶುರುವಾದವು. ಆಗ ಬಂದರು ತೋಟದ ಯಜಮಾನರು. ಕ್ಲಬ್ಬಿನಿಂದ ನೇರ ಬಂದವರ ಹಾಗೆ ಕಂಡರು. ಈ ಸಲ ಅಲ್ಲಿ ಜನ ನಕ್ಕದ್ದು ಅವರನ್ನೇ ನೋಡಿ ಇರಬೇಕು. ಕೈಯಲ್ಲಿ ನಾವು ಮಾಡಿಕೊಂಡ ಕರಾರಿನ ಕಾಗದ.

"ಸಾಹುಕಾರ್ರೆ, ಇದರಲ್ಲಿ ಎಂಥ ಬರೆದಿದೆ? 'ಸತ್ತ ಬಿದಿರು' ಅಂತ ಅಲ್ವಾ?"

"ಹೌದು ಯಜಮಾನ್ರೆ."

"ಬೆಂಗಳೂರಿನವರು ಎಂಥ ಬರೆದಿದ್ದಾರೆ? ಬದುಕಿರೋ ಬಿದಿರಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ."

"ಹೌದು."

"ಮತ್ತೆ? ನಾವು ನಿಮಗೆ ಕೊಟ್ಟದ್ದು ಸತ್ತದ್ದು ಮಾತ್ರ. ಸಾಯದೇ ಇರೋದು ಅದರಲ್ಲಿ ಇದ್ದರೆ ಅದು ನಮ್ಮದೇ. ನ್ಯಾಯ ಹೇಳಿ ಮಾರಾಯ್ರೆ."

ವಕೀಲರಿಗೆ ಹೋದರೆ ಮೂರು ತಲೆಮಾರು ಊಟ ಹಾಕುವಂಥ ಮಾತು. ಲಾರಿ ನಿಲ್ಲಿಸುತ್ತೇನೆ ಎಂದುಬಿಟ್ಟರೆ ಮಳೆಗಾಲ ಬೇರೆ ಹತ್ತಿರ. ನಾನು ಜಗಳಕ್ಕೆ ಹೋಗಲಿಲ್ಲ. ಕಾಫಿ ತರಿಸಿದೆ. ಕುಡಿದಾದ ಮೇಲೆ ಅವರನ್ನು ನಾನು ಬಿದಿರು ಪೇರಿಸಿದ್ದ ಡಿಪೋದ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಗಿರಣಿಯವರು ಬೇಡ ಎಂದು ಬೇರೆ ಹಾಕಿದ್ದ ನಲವತ್ತು ಟನ್ ರಾಶಿ ಬಿದ್ದಿತ್ತು. ಕುಟ್ಟೆಹುಳ ಹಿಡಿದು, ಗಳದಿಂದ ಗಳಕ್ಕೆ ಹಳದಿ ಹುಡಿ ಸೋರುತ್ತಿತ್ತು. ಕಿವಿಗೊಟ್ಟು ನಿಂತರೆ ಒಳಗೆ ಕರಕರ ಎಂದು ಕೊರೆಯುವ ಸದ್ದು.

"ನ್ಯಾಯವಾದ ಮಾತು ಹೇಳಿದ್ರಿ ಯಜಮಾನ್ರೆ. ನಿಮ್ಮ ಬಿದಿರಿನಲ್ಲಿ ಸಾಯದೇ ಇರೋದು ಅಂತ ಇದ್ದರೆ ಅದು ಪೂರ್ತಿ ಈ ರಾಶಿಯಲ್ಲಿದೆ. ಕೇಳಿ, ಊಟ ಮಾಡ್ತಾ ಇದೆ. ಒಂದು ಹುಳವನ್ನೂ ನಾನು ಇಟ್ಟುಕೊಳ್ಳೋದಿಲ್ಲ. ಲಾರಿ ಯಾವಾಗ ಕಳಿಸ್ತೀರಿ?"

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಆಮೇಲೆ ಕರಾರಿನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಇರಲಿ ಸಾಹುಕಾರ್ರೆ, ಊಟದ ನಡುವೆ ಎಬ್ಬಿಸೋದು ಬೇಡ" ಎಂದು ಹೊರಟರು.

ಗಿರಣಿಗೆ ಹೋದದ್ದು ನಾನೂರ ಅರವತ್ತು ಟನ್, ಬಂದದ್ದು ಇಪ್ಪತ್ತೇಳು ಸಾವಿರದ ಆರುನೂರು. ಯಜಮಾನರಿಗೆ ಕೊಟ್ಟ ಒಂಬತ್ತು ಸಾವಿರ, ಕಡಿದು ಸಾಗಿಸಿದ ಕೂಲಿ ಆರು ಸಾವಿರದ ಒಂಬೈನೂರು, ಬಸ್ಸು, ಛತ್ರ, ಟ್ರಂಕ್ ಕಾಲ್, ಹೊಸ ಏಣಿ ಎಲ್ಲ ಸೇರಿ ಮುನ್ನೂರು ಕಳೆದರೆ, ಏನೂ ಆಗಿಲ್ಲ ಎಂದು ಸಾಬೀತು ಮಾಡಿದ್ದಕ್ಕೆ ನನಗೆ ಉಳಿದದ್ದು ಹನ್ನೊಂದು ಸಾವಿರದ ನಾನೂರು ರೂಪಾಯಿ.